ಕಿವಿ ಮಂದವಾದ ತಾಯಿ ಎಲ್ಲದಕ್ಕೂ ತಲೆಯಾಡಿಸುತ್ತಾರೆ: ಅನುಭವವಿದ್ದವರು ತಿಳಿಸಿ

ಕೇಳಿದವರು, ತೀರ್ಥಹಳ್ಳಿ

ನನ್ನ ತಾಯಿಗೆ 76 ವರ್ಷ, ಎರಡೂ ಕಿವಿಗಳು ಮಂದವಾಗಿವೆ. ಭಜನೆಗೆ ಹೋಗುವುದನ್ನು ಬಿಟ್ಟಿದ್ದಾರೆ. ಕೇಳಿಸದಿದ್ದರೂ ಎಲ್ಲರ ಮಾತಿಗೂ ತಲೆಯಾಡಿಸುತ್ತಾರೆ. ಈಚೆಗೆ ಯಾರೋ ಫೋನ್ ಮಾಡಿ ಪಿಂಚಣಿ ನಿಲ್ಲುತ್ತದೆಂದು ಹೆದರಿಸಿದಾಗ ಬ್ಯಾಂಕ್ ಖಾತೆಯ ವಿವರ ಹೇಳಿಬಿಟ್ಟಿದ್ದಾರೆ. ಪುಣ್ಯಕ್ಕೆ ಹಣ ಹೋಗಲಿಲ್ಲ. ಶ್ರವಣಯಂತ್ರ ಬೇಡವೆನ್ನುತ್ತಾರೆ. ಎಲ್ಲಿಂದ ಆರಂಭಿಸಲಿ?

ಮೈಸೂರಿನಿಂದ ಒಬ್ಬ ಸೊಸೆ

ನಮ್ಮ ಮಾವನವರದೂ ಇದೇ ಕಥೆಯಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲು ಇ.ಎನ್.ಟಿ. ವೈದ್ಯರಿಗೆ ತೋರಿಸಿ, ಗುಗ್ಗೆ ಗಟ್ಟಿಯಾಗಿ ಕಟ್ಟಿಕೊಂಡಿದ್ದರೆ ಅದನ್ನು ತೆಗೆಸಿದ ಮೇಲೆಯೇ ಶ್ರವಣ ಪರೀಕ್ಷೆ ಮಾಡಿಸಬೇಕು. ನಾವು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ವಯಸ್ಸಿನಿಂದ ಬರುವ ಕಿವುಡುತನದಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ಎತ್ತರದ ಸ್ಥಾಯಿಯ ಶಬ್ದಗಳನ್ನು ಕೇಳುವ ಶಕ್ತಿ. ಸ್ವರಗಳು ಕಿವಿಗೆ ಬೀಳುತ್ತವೆ, ಸ, ಶ, ತ, ಚ ಮುಂತಾದವು ಜಾರಿಹೋಗುತ್ತವೆ; ಹಾಗಾಗಿಯೇ ಅವರು "ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ" ಎನ್ನುವುದು. ಕಿರುಚಿದರೆ ಸದ್ದು ಹೆಚ್ಚುತ್ತದೆಯೇ ಹೊರತು ಸ್ಪಷ್ಟತೆ ಹೆಚ್ಚುವುದಿಲ್ಲ, ಮೇಲಾಗಿ ಗದರಿದಂತೆ ಕಾಣುತ್ತದೆ.

ನಮ್ಮ ಮನೆಯಲ್ಲಿ ಟಿ.ವಿ. ಆರಿಸಿ, ಎದುರಿಗೆ ಕುಳಿತು, "ತೋಟದ ವಿಷಯ" ಎಂದು ಮೊದಲು ಹೇಳಿ ಆಮೇಲೆ ಮಾತು ಮುಂದುವರಿಸುವ ಅಭ್ಯಾಸ ಮಾಡಿಕೊಂಡೆವು. ತಿಳಿಯದಿದ್ದರೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಕೂಗದೆ ಬೇರೆ ಪದಗಳಲ್ಲಿ ಹೇಳುತ್ತಿದ್ದೆವು. ಯಂತ್ರವನ್ನು ಒಪ್ಪಿಸುವ ಮಾತು ಇದಾದ ಮೇಲೆ ಸುಲಭವಾಯಿತು. ಆರಂಭದಲ್ಲಿ ಅದನ್ನು ಸದ್ದಿಲ್ಲದ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತ್ರ ಹಾಕಿಸಿ. ಹಾಕಿದ ಕೂಡಲೇ ಮದುವೆ ಛತ್ರಕ್ಕೆ ಕರೆದೊಯ್ದರೆ ಅದು ಪೆಟ್ಟಿಗೆ ಸೇರುವುದು ಖಂಡಿತ. ಬದಲಾಯಿಸುವಂಥ ಜಿಂಕ್ ಬ್ಯಾಟರಿಯಾದರೆ ಬಣ್ಣದ ಚೀಟಿ ಕಿತ್ತ ನಂತರ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಯಂತ್ರಕ್ಕೆ ಹಾಕಬೇಕು. ನಿಮ್ಮದು ಮಲೆನಾಡು, ಮಳೆಗಾಲದಲ್ಲಿ ರಾತ್ರಿ ಯಂತ್ರವನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ.

ಹುಬ್ಬಳ್ಳಿಯಿಂದ ನಿವೃತ್ತ ಬ್ಯಾಂಕ್ ಅಧಿಕಾರಿ

ಮೇಲಿನವರು ಬರೆದದ್ದು ಸರಿಯಿದೆ, ಆದರೆ ಯಂತ್ರ ಹೊಂದಿಕೊಳ್ಳುವವರೆಗೆ ಕಾಯಬಾರದ ವಿಷಯವೊಂದಿದೆ. ಕೌಂಟರಿನ ಗಾಜಿನ ಆಚೆಯಿಂದ ಆಡಿದ ಮಾತು ಕೇಳಿಸದೆ, ಇನ್ನೊಮ್ಮೆ ಕೇಳಲು ನಾಚಿ, ತೋರಿಸಿದ ಕಡೆ ಸಹಿ ಹಾಕುವ ಹಿರಿಯರನ್ನು ನಾನು ಸೇವೆಯುದ್ದಕ್ಕೂ ಕಂಡಿದ್ದೇನೆ. ಅವರನ್ನು "ತಿಳಿಯಿತೇ?" ಎಂದು ಕೇಳಿದರೆ ಹೂಂ ಎಂಬ ಉತ್ತರವೇ ಬರುತ್ತದೆ, "ಈಗ ನಾನು ಏನು ಹೇಳಿದೆ, ಹೇಳಿ ನೋಡೋಣ" ಎಂದು ಕೇಳಬೇಕು, ಮುಖ್ಯ ಅಂಶಗಳನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡಬೇಕು. ಹಣದ ಮಾತು ಬಂದ ಫೋನನ್ನು ಕೂಡಲೇ ಇಟ್ಟುಬಿಡುವಂತೆ ತಾಯಿಯವರಿಗೆ ಹೇಳಿ. ಆಗಲೇ ವಿವರ ಕೊಟ್ಟಿರುವುದರಿಂದ ಬ್ಯಾಂಕಿಗೆ ಇಂದೇ ತಿಳಿಸಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಾಗೆಂದು ಪಾಸ್‌ಬುಕ್, ಎ.ಟಿ.ಎಂ. ಕಾರ್ಡು ಎಲ್ಲವನ್ನೂ ಮಕ್ಕಳು ಕಸಿದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮಂದವಾಗಿರುವುದು ಕಿವಿ, ಬುದ್ಧಿಯಲ್ಲ. ಮುಂದೆ ಮನೆಯನ್ನೋ ಜಮೀನನ್ನೋ ದಾನಪತ್ರ ಮಾಡುವ ಸಂದರ್ಭ ಬಂದರೆ, ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ, ಓದಿಸಿ. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣದ 2007ರ ಕಾಯ್ದೆಯ 23ನೇ ಕಲಮಿನಡಿ, ಅಂಥ ಷರತ್ತು ಮುರಿದಾಗ ಆ ಪತ್ರವನ್ನು ರದ್ದುಪಡಿಸುವಂತೆ ನ್ಯಾಯಮಂಡಳಿಯನ್ನು ಕೇಳಬಹುದು.

ಮಂಡ್ಯದಿಂದ ಒಬ್ಬ ಶ್ರವಣತಜ್ಞೆ

ಎರಡು ಮಾತು ಸೇರಿಸುತ್ತೇನೆ. ಯಂತ್ರ ಹಾಕದಿದ್ದರೆ ಮರೆವಿನ ಕಾಯಿಲೆ ಬಂದೇ ಬರುತ್ತದೆಂದು ಅವರನ್ನು ದಯವಿಟ್ಟು ಹೆದರಿಸಬೇಡಿ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗದ 2024ರ ವರದಿ ಕಿವುಡುತನವನ್ನು ಈ ಮರೆವಿನ ಕಾಯಿಲೆಯ (ಡಿಮೆನ್ಶಿಯಾ) 14 ಅಪಾಯಕಾರಿ ಅಂಶಗಳಲ್ಲಿ ಒಂದೆಂದು ಸೇರಿಸಿರುವುದು ನಿಜ. ಆದರೆ ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಚೀವ್ ಅಧ್ಯಯನದಲ್ಲಿ ಬುದ್ಧಿಶಕ್ತಿ ಕುಂದುವುದನ್ನು ತಗ್ಗಿಸುವಲ್ಲಿ ಯಂತ್ರದ ಪ್ರಯೋಜನ ಕಂಡದ್ದು ಮೊದಲೇ ಅದರ ಹೆಚ್ಚಿನ ಅಪಾಯವಿದ್ದ ಗುಂಪಿನಲ್ಲಿ. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ಮೂರು ವರ್ಷಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಖರ್ಚಿನ ಚಿಂತೆಯಿದ್ದರೆ, 60 ದಾಟಿದ ಬಡ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣಯಂತ್ರ ಉಚಿತವಾಗಿ ಸಿಗುತ್ತದೆ. ಜಿಲ್ಲೆಯ ಹಿರಿಯ ನಾಗರಿಕರ ಇಲಾಖೆಯಲ್ಲಿ ಶಿಬಿರದ ದಿನ ವಿಚಾರಿಸಿ, ಅಥವಾ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಶಿಬಿರದಲ್ಲಿ ಕೊಟ್ಟ ಯಂತ್ರವನ್ನು ಹಾಗೆಯೇ ಹಾಕಿಸದೆ, ತಾಯಿಯವರ ಆಡಿಯೋಗ್ರಾಂ (ಶ್ರವಣ ಪರೀಕ್ಷೆಯ ನಕ್ಷೆ) ತೋರಿಸಿ ಅವರ ಕಿವಿಗೆ ತಕ್ಕಂತೆ ಹೊಂದಿಸಿಕೊಡಿ ಎಂದು ಅಲ್ಲಿಯೇ ಕೇಳಿ.