ಎರಡು ಪ್ರಾಜೆಕ್ಟ್‌ಗಳಿಗೆ ಒಂದೇ ಪಾರ್ಸರ್: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ:
ಒಂದೇ ಫೈಲ್ ಫಾರ್ಮ್ಯಾಟ್ ಓದಲು ಎರಡು ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳು ಸಿ ಭಾಷೆಯಲ್ಲಿ ಬೇರೆಬೇರೆ ಪಾರ್ಸರ್ (ಫೈಲ್ ಓದಿ ಅದರೊಳಗಿನ ಮಾಹಿತಿಯನ್ನು ಬಿಡಿಸುವ ಕೋಡ್) ಇಟ್ಟುಕೊಂಡಿವೆ. ಒಂದರಲ್ಲಿ ಸರಿಹೋದ ಬಗ್ ಇನ್ನೊಂದರಲ್ಲಿ ಹಾಗೇ ಉಳಿಯುತ್ತದೆ. ಒಂದರ ಲೈಸೆನ್ಸ್ "ಜಿಪಿಎಲ್ 2 ಮಾತ್ರ" (ಬದಲಿಸಿ ಹಂಚಿದ ಕೋಡ್ ಕೂಡ ಅದೇ ಲೈಸೆನ್ಸಿನಲ್ಲಿರಬೇಕು), ಮತ್ತೊಂದರದ್ದು ಅಪಾಚೆ 2.0 (ಅಂಥ ಕಟ್ಟುಪಾಡಿಲ್ಲ). ಎರಡೂ ಕಡೆಯವರಿಗೆ ಒಂದೇ ಲೈಬ್ರರಿ ಮಾಡುವ ಮನಸ್ಸಿದೆ. ಮೊದಲ ಹೆಜ್ಜೆ ಯಾವುದು?

ಉತ್ತರ 1:
ಮೊದಲು ಲೈಸೆನ್ಸ್, ಆಮೇಲೆ ಕೋಡ್. ಅಪಾಚೆ 2.0 ಕೋಡ್ ಜಿಪಿಎಲ್ 3ರ ಜತೆ ಸೇರುತ್ತದೆ, ಜಿಪಿಎಲ್ 2ರ ಜತೆ ಸೇರುವುದಿಲ್ಲ ಎಂಬುದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ನಿಲುವು. ಪೇಟೆಂಟ್ ಷರತ್ತುಗಳು ಅದಕ್ಕೆ ಮುಖ್ಯ ಅಡ್ಡಿ.

ಕಡಿಮೆ ತಲೆನೋವಿನ ದಾರಿ ಇದು: ಅಪಾಚೆ ಕಡೆಯ ಪಾರ್ಸರನ್ನೇ ಬುನಾದಿ ಮಾಡಿಕೊಂಡು, ಅದನ್ನು ಬರೆದವರಿಂದ "ಎಂಐಟಿ ಅಥವಾ ಅಪಾಚೆ 2.0" ಎಂಬ ಜೋಡಿ ಲೈಸೆನ್ಸಿಗೆ ಒಪ್ಪಿಗೆ ಪಡೆಯಿರಿ. ರಸ್ಟ್ ಭಾಷೆಯ ಕಂಪೈಲರ್ ಇರುವುದೂ ಹೀಗೆಯೇ. ಎಂಐಟಿ ಲೈಸೆನ್ಸ್ ಜಿಪಿಎಲ್ 2ರ ಜತೆ ಸೇರುವುದರಿಂದ ಜಿಪಿಎಲ್ ಕಡೆಯವರು ಅದನ್ನು ಆರಿಸಿಕೊಳ್ಳಬಹುದು. ಅವರ ಕೋಡಿನಿಂದ ತರಬೇಕಾದ ಬಗ್ ಪರಿಹಾರಗಳಿಗೆ ಮಾತ್ರ ಆಯಾ ಲೇಖಕರನ್ನು ಕೇಳಿದರೆ ಸಾಕು. ಯಾರನ್ನು ಕೇಳಬೇಕೆಂಬ ಪಟ್ಟಿಯನ್ನು, ಕೋಡಿನ ಇತಿಹಾಸ ಇಡುವ ಗಿಟ್‌ನ ಕಮಾಂಡ್ "ಗಿಟ್ ಶಾರ್ಟ್‌ಲಾಗ್" ಕೊಡುತ್ತದೆ, ಆದರೆ ಬೇರೆಯವರ ಹೆಸರಲ್ಲಿ ಸೇರಿಹೋದ ಪ್ಯಾಚ್‌ಗಳು ಅದರಲ್ಲಿ ಕಾಣುವುದಿಲ್ಲ. ಕಮಿಟ್ (ದಾಖಲಾದ ಪ್ರತಿ ಬದಲಾವಣೆ) ಸಂದೇಶಗಳನ್ನೂ ಓದಿ. ಕೆಲಸದ ಭಾಗವಾಗಿ ಬರೆದ ಕೋಡಿನ ಹಕ್ಕು ಕಂಪನಿಯದ್ದಾಗಿರಬಹುದು, ಅದನ್ನೂ ಕೇಳಿಕೊಳ್ಳಿ.

ಉತ್ತರ 2:
ಫೈಲ್‌ಗಳನ್ನು ಸುಮ್ಮನೆ ಕಾಪಿ ಮಾಡಿ ಹೊಸ ರೆಪೊದಲ್ಲಿ ಹಾಕಬೇಡಿ. ಯಾವ ಸಾಲು ಯಾರು, ಏಕೆ ಬರೆದರು ಎಂಬ ಇತಿಹಾಸ ಹೋದರೆ ಲೈಸೆನ್ಸ್ ಪುರಾವೆಯೂ ಹೋಗುತ್ತದೆ. ಹೊಸದಾಗಿ ಕ್ಲೋನ್ (ಇತಿಹಾಸ ಸಮೇತ ರೆಪೊದ ಪ್ರತಿ) ಮಾಡಿಕೊಂಡು, ಬೇಕಾದ ಫೈಲ್‌ಗಳನ್ನು ಇತಿಹಾಸದೊಂದಿಗೆ ಬೇರ್ಪಡಿಸುವ "ಗಿಟ್ ಫಿಲ್ಟರ್-ರೆಪೊ" ಬಳಸಿ. ಎಡವುವುದು ಇಲ್ಲಿ: ಅದು ಹೆಸರು ಬದಲಾದ ಫೈಲ್‌ಗಳ ಜಾಡು ಹಿಡಿಯುವುದಿಲ್ಲ. ಮೊದಲು ಅದರ "ಅನಲೈಜ್" ಆಯ್ಕೆ ಓಡಿಸಿ, ವರದಿಯಲ್ಲಿ ಸಿಗುವ ಹಳೆಯ ಪಾತ್‌ಗಳನ್ನೂ ಸೇರಿಸಿ. ಕಮಿಟ್ ಹ್ಯಾಶ್‌ಗಳೆಲ್ಲ (ಪ್ರತಿ ಕಮಿಟ್‌ನ ಗುರುತು) ಬದಲಾಗುತ್ತವೆ, ಹಾಗಾಗಿ ಹಳೆ-ಹೊಸ ಹ್ಯಾಶ್‌ಗಳ ನಕ್ಷೆ ಫೈಲನ್ನು ಜೋಪಾನವಾಗಿಡಿ.

ಉತ್ತರ 3:
ಇಂಥದ್ದೇ ಉದಾಹರಣೆಗೆ ಹಾರ್ಫ್‌ಬಜ್ ನೋಡಿ, ಪಠ್ಯದ ಅಕ್ಷರಗಳಿಗೆ ಫಾಂಟಿನ ಆಕಾರಗಳನ್ನು ಹೊಂದಿಸುವ ಲೈಬ್ರರಿ ಅದು. ಫ್ರೀಟೈಪ್ ಎಂಬ ಫಾಂಟ್ ಲೈಬ್ರರಿಯಿಂದ ಹುಟ್ಟಿದ ಕೋಡ್, ಪಠ್ಯ ಜೋಡಿಸುವ ಪ್ಯಾಂಗೊ ಮತ್ತು ಆ್ಯಪ್ ಕಟ್ಟುವ ಕ್ಯೂಟಿ ಲೈಬ್ರರಿಗಳಲ್ಲಿ ಬೇರೆಬೇರೆಯಾಗಿ ಬೆಳೆದು, ಆಮೇಲೆ ಒಂದಾಯಿತು. ಇಂದು ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಮೂರೂ ಅದನ್ನೇ ಬಳಸುತ್ತವೆ. ಅದರ ವಿನ್ಯಾಸದಲ್ಲಿ ನನಗೆ ಬಹಳ ಹಿಡಿಸುವುದು ಕಾಲ್‌ಬ್ಯಾಕ್‌ಗಳು (ಬಳಸುವವರು ಕೊಟ್ಟು, ಲೈಬ್ರರಿ ಬೇಕಾದಾಗ ಕರೆಯುವ ಫಂಕ್ಷನ್‌ಗಳು): ಫಾಂಟ್ ಮಾಹಿತಿಯನ್ನು ಬಳಸುವ ಪ್ರೋಗ್ರಾಮೇ ಒದಗಿಸಬಹುದು. ನಿಮ್ಮ ಪಾರ್ಸರ್ ಕೂಡ ಯಾರ ಲಾಗರನ್ನೂ (ಸಂದೇಶ ದಾಖಲಿಸುವ ಕೋಡ್) ನೇರವಾಗಿ ಕರೆಯಬಾರದು. ದೋಷ ಕಂಡಾಗ ಎರರ್ ಕೋಡ್ ಹಿಂತಿರುಗಿಸಬೇಕೇ ಹೊರತು ಪ್ರೋಗ್ರಾಮನ್ನೇ ನಿಲ್ಲಿಸಬಾರದು.

ಬದಲಿಸುವ ಮೊದಲು ಎರಡು ಹಳೆಯ ಪಾರ್ಸರ್, ಒಂದು ಹೊಸದು, ಮೂರಕ್ಕೂ ಅವೇ ಫೈಲ್‌ಗಳನ್ನು ಕೊಟ್ಟು ಫಲಿತಾಂಶ ಹೋಲಿಸಿ. ಕೆಟ್ಟ ಫೈಲ್‌ಗಳಲ್ಲೇ ಹೆಚ್ಚು ವ್ಯತ್ಯಾಸ ಸಿಗುತ್ತದೆ: ಒಂದು ಸಹಿಸಿಕೊಳ್ಳುತ್ತದೆ, ಇನ್ನೊಂದು ತಿರಸ್ಕರಿಸುತ್ತದೆ. ಯಾವುದು ಸರಿ ಎಂದು ಎರಡೂ ತಂಡ ಕೂತು ತೀರ್ಮಾನಿಸಿ ಟೆಸ್ಟ್ ಬರೆಯಬೇಕು.

ಲೈಬ್ರರಿಗೆ ಬರುವ ಪ್ರತಿ ಪುಲ್ ರಿಕ್ವೆಸ್ಟಿಗೂ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಮನವಿ) ಎರಡೂ ಪ್ರಾಜೆಕ್ಟ್‌ಗಳ ಟೆಸ್ಟ್ ಓಡಲಿ. ಮರ್ಜ್ ಮಾಡುವ ಹಕ್ಕು ಎರಡೂ ಕಡೆಯವರಿಗಿರಲಿ. ಒಂದು ಕಡೆ ಪ್ಯಾಚ್ ವಾರಗಟ್ಟಲೆ ಕಾಯುವಂತಾದರೆ, ಅವರು ತಮ್ಮ ರೆಪೊದಲ್ಲಿ ಒಂದು ನಕಲು ಇಟ್ಟುಕೊಂಡು ಅಲ್ಲೇ ತಿದ್ದತೊಡಗುತ್ತಾರೆ, ಮತ್ತೆ ಎರಡು ಪಾರ್ಸರ್ ಆಗುತ್ತವೆ.