ಕಣ್ಣು ಮುಚ್ಚಿದರೆ ಎದೆ ಡವಡವ, ಧ್ಯಾನ ನನಗೆ ಆಗಿ ಬರಲ್ವಾ?

ಪ್ರಶ್ನೆ: ಮೇಡಂ, ಕೆಲಸದ ಒತ್ತಡ ಜಾಸ್ತಿ ಆಯಿತು ಅಂತ 3 ವಾರದಿಂದ ದಿನಾ ಬೆಳಿಗ್ಗೆ 20 ನಿಮಿಷ ಧ್ಯಾನಕ್ಕೆ ಕೂರುತ್ತಿದ್ದೇನೆ. ಆ್ಯಪ್‌ನಲ್ಲಿ 'ಉಸಿರನ್ನು ಗಮನಿಸಿ' ಅನ್ನುತ್ತಾರೆ. ಗಮನಿಸಿದ ಕೂಡಲೇ ಉಸಿರೇ ಸರಿಯಾಗಿ ಆಡುತ್ತಿಲ್ಲ ಅನಿಸುತ್ತದೆ. ಹಳೇ ಜಗಳಗಳೆಲ್ಲ ತಲೆಗೆ ಬರುತ್ತವೆ. ಏಳುವಾಗ ಇನ್ನೂ ಸಿಟ್ಟು. ಎಲ್ಲಿ ತಪ್ಪುತ್ತಿದ್ದೇನೆ?

ಆಪ್ತ ಸಮಾಲೋಚಕಿ: ನಿಮ್ಮ ತಪ್ಪೇನೂ ಇಲ್ಲ. ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಇದನ್ನೇ ಹೇಳುತ್ತಾರೆ, ಅದೂ ನಾಚಿಕೊಂಡು. ದಿನವಿಡೀ ಫೋನು, ಮಾತು, ಓಡಾಟ. ಅದರಡಿ ಮುಚ್ಚಿಹೋಗಿದ್ದು ಸುಮ್ನೆ ಕೂತಾಗ ಮೇಲೆ ಬರುತ್ತದೆ, ಅಷ್ಟೇ.

ಉಸಿರಿನದು ಬೇರೆ ತೊಡಕು. ಅದು ತಾನಾಗಿಯೂ ನಡೆಯುತ್ತದೆ, ನಾವು ಹೇಳಿದ ಹಾಗೂ ಕೇಳುತ್ತದೆ. ಗಾಬರಿ ಇರುವವರು ಅದನ್ನು ನೋಡಲು ಹೋಗಿ ಗೊತ್ತಿಲ್ಲದೆ ಎಳೆಯಲು ಶುರು ಮಾಡುತ್ತಾರೆ. ಆದ್ದರಿಂದ ಸದ್ಯಕ್ಕೆ ಉಸಿರನ್ನು ಬಿಡಿ. ಕಣ್ಣು ತೆರೆದೇ ಕೂರಿ. ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸಿ: ತಂಪಾ, ಬಿಸಿಯಾ, ಭಾರ ಹಿಮ್ಮಡಿ ಮೇಲಾ? ಮನಸ್ಸು ಎಲ್ಲೋ ಹೋಯಿತು ಅಂತ ಗೊತ್ತಾದರೆ ಮತ್ತೆ ಪಾದಕ್ಕೆ ಬನ್ನಿ. ನೂರು ಸಲ ಹೋದರೆ ನೂರು ಸಲ ಬನ್ನಿ. ಅಭ್ಯಾಸ ಆಗುವುದು ಆ ವಾಪಸು ಬರುವುದರಲ್ಲೇ. 3 ನಿಮಿಷ ಸಾಕು.

ಆ್ಯಪ್‌ಗಳ ಬಗ್ಗೆ ನನಗೊಂದು ತಕರಾರಿದೆ. ಜಾನ್ ಕಬಾಟ್-ಜಿನ್ ಎಂಬುವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಧ್ಯಾನದ ಮೂಲಕ ಒತ್ತಡ ಇಳಿಸುವ ಕಾರ್ಯಕ್ರಮ ಶುರು ಮಾಡಿದರು. ಅದು ಹಲವು ವಾರಗಳದ್ದು. ಜೊತೆಗೆ ಹೇಳಿಕೊಡುವವರಿದ್ದರು, ಗುಂಪಿತ್ತು. ಹೀಗಾಯಿತು ಅಂದರೆ ಕೇಳಲು ಜನ ಇದ್ದರು. ಆ್ಯಪ್ ಹಾಗಲ್ಲ, ಒಬ್ಬರನ್ನೇ ಕೂರಿಸಿ ಬಿಟ್ಟುಬಿಡುತ್ತದೆ.

ಪ್ರಶ್ನೆ: ಪಾದದ್ದು ಮಾಡಿ ನೋಡುತ್ತೇನೆ. ಆದರೆ ಆ ಜಗಳದ ಯೋಚನೆ ಬರದ ಹಾಗೆ ತಡೆಯುವುದು ಹೇಗೆ?

ಆಪ್ತ ಸಮಾಲೋಚಕಿ: ತಡೆಯಬೇಡಿ. ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿಯ ತಂಡ 1987ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು! ಆಮೇಲೆ ನೆನೆಯಬಹುದು ಅಂದಾಗ, ಮೊದಲು ತಡೆದಿದ್ದವರಿಗೇ ಕರಡಿ ಜಾಸ್ತಿ ನೆನಪಾಯಿತು.

ತಡೆಯುವ ಬದಲು ಹೆಸರು ಹೇಳಿ. 'ಸಿಟ್ಟು ಬಂದಿದೆ. ದವಡೆ ಬಿಗಿಯಾಗಿದೆ.' ನಮ್ಮ ಭಾಷೆಯಲ್ಲಿ ಸಿಟ್ಟು ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಅಲ್ವಾ? ಹಾಗೇ ನೋಡಿ. ಯಾಕೆ ಬಂತು, ಯಾರದ್ದು ತಪ್ಪು ಅನ್ನುವ ವಿಚಾರಣೆ ಆ 3 ನಿಮಿಷದಲ್ಲಿ ಬೇಡ. ಆಮೇಲೆ ಮಾಡಿ, ಖಂಡಿತ ಮಾಡಿ. ಹೊರಲಾಗದಷ್ಟು ಕೆಲಸ ಹೇರಿದ್ದರಿಂದ ಸಿಟ್ಟು ಬಂದಿದ್ದರೆ, ಹೇರಿದವರ ಹತ್ತಿರ ಮಾತಾಡಲೇಬೇಕು. ಆ ಕೆಲಸವನ್ನು ಧ್ಯಾನ ಮಾಡಿಕೊಡುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನ್ನ ಅಕ್ಕ ಖಿನ್ನತೆಗೆ ಮಾತ್ರೆ ತಗೊಳ್ತಿದ್ದಾಳೆ. ಧ್ಯಾನ ಶುರು ಮಾಡಿದ್ದೇನೆ, ಇನ್ನು ಮಾತ್ರೆ ಬೇಡ ಅನ್ನುತ್ತಾಳೆ.

ಆಪ್ತ ಸಮಾಲೋಚಕಿ: ತಾನಾಗಿ ನಿಲ್ಲಿಸಬಾರದು ಅಂತ ಹೇಳಿ. ಏಕಾಏಕಿ ಬಿಟ್ಟರೆ ತಲೆಸುತ್ತು, ನಿದ್ದೆ ಬಾರದಿರುವುದು, ಕಿರಿಕಿರಿ ಶುರುವಾಗಬಹುದು. ಖಿನ್ನತೆಯೂ ಮರಳಬಹುದು. ಖಿನ್ನತೆ ಮರುಕಳಿಸದಿರಲಿ ಅಂತಲೇ ರೂಪಿಸಿದ ಧ್ಯಾನ ಆಧಾರಿತ ಚಿಕಿತ್ಸೆ ಇದೆ, ಪದೇಪದೇ ಖಿನ್ನತೆಗೆ ಒಳಗಾದ ಹಲವರಿಗೆ ನೆರವಾಗಿದೆ. ಆದರೆ ಮಾತ್ರೆ ಇಳಿಸುವುದು, ಬಿಡುವುದು ಬರೆದುಕೊಟ್ಟ ವೈದ್ಯರ ಜೊತೆಗೇ ಆಗಬೇಕು. ಧ್ಯಾನಕ್ಕೆ ಕೂತಾಗ ಹಳೆಯ ಆಘಾತ ಕಣ್ಣೆದುರೇ ನಡೆದ ಹಾಗೆ ಕಂಡರೆ, ಯಾರೂ ಇಲ್ಲದ ದನಿ ಕೇಳಿಸಿದರೆ, ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಲಿ. ಸಾಯುವ ಮಾತಾಡಿದರೆ ಒಬ್ಬಳನ್ನೇ ಬಿಡಬೇಡಿ, ತಕ್ಷಣ ಕರೆದುಕೊಂಡು ಹೋಗಿ.

ಪ್ರಶ್ನೆ: ಮೇಡಂ, ಈಗಷ್ಟೇ ಪಾದದ್ದು ಮಾಡಿದೆ. 1 ನಿಮಿಷಕ್ಕೇ ಎದ್ದು ಓಡಾಡಬೇಕು ಅನಿಸಿತು.

ಆಪ್ತ ಸಮಾಲೋಚಕಿ: ಓಡಾಡಿ. ನಿಧಾನವಾಗಿ, ಒಂದೊಂದು ಹೆಜ್ಜೆ ಗಮನಿಸುತ್ತಾ. ಅದೂ ಧ್ಯಾನವೇ.