ಕ್ಯಾಲಿಫೋರ್ನಿಯಾದಲ್ಲಿ ಜೈಲಿನ ಜನ ಕಡಿಮೆ ಮಾಡಿದ ಮೇಲೆ ಹೊರಗೆ ಬಂದವರು ಮತ್ತೆ ತಪ್ಪು ಮಾಡಿದ್ದು ಜಾಸ್ತಿ ಆಯಿತಾ?

ಸನ್ನಿವೇಲ್_ಸವಿತಾ:
ನಮಸ್ಕಾರ ಎಲ್ಲರಿಗೂ. ಹೋದ ತಿಂಗಳು ಎರಡನೇ ಸಲ ನಮ್ಮ ಕಾರಿನ ಗಾಜು ಒಡೆದು ಬ್ಯಾಗು ಹೊತ್ತುಕೊಂಡು ಹೋದರು. ಮಗಳ ಶಾಲೆಯ ಪುಸ್ತಕಗಳೂ ಅದರಲ್ಲೇ ಇದ್ದವು. ಕನ್ನಡ ಕೂಟದಲ್ಲಿ ಹೇಳಿಕೊಂಡರೆ ಎಲ್ಲರದ್ದೂ ಒಂದೇ ಮಾತು, "ಜೈಲು ಖಾಲಿ ಮಾಡಿದರಲ್ಲ, ಅದಕ್ಕೇ". ನಿಜವಾಗಲೂ ಹಾಗಾ? ಬಿಡುಗಡೆ ಆದವರು ಮೊದಲಿಗಿಂತ ಜಾಸ್ತಿ ಮತ್ತೆ ಅದೇ ಕೆಲಸಕ್ಕೆ ಇಳಿದರಾ? ಸಿಟ್ಟಿನಲ್ಲಿ ಸುಮ್ನೆ ಏನನ್ನೋ ನಂಬುವುದು ಬೇಡ ಅಂತ ಕೇಳುತ್ತಿದ್ದೇನೆ.

ಹಾಸನದ_ರಘು:
ಸವಿತಾ ಅವರೇ, ಬೇಜಾರಾಯಿತು. ಇದು ಶುರುವಾಗಿದ್ದೇ ಕೋರ್ಟಿನಿಂದ. ಇಲ್ಲಿನ ಜೈಲುಗಳಲ್ಲಿ ಜಾಗಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಜನ ಇದ್ದರು. ಜಿಮ್ಮಿನಲ್ಲೆಲ್ಲಾ ಮಂಚದ ಮೇಲೆ ಮಂಚ ಹಾಕಿ ಮಲಗಿಸುತ್ತಿದ್ದರು, ಕಾಯಿಲೆ ಬಿದ್ದವರಿಗೆ ಸರಿಯಾದ ಚಿಕಿತ್ಸೆ ಇರಲಿಲ್ಲ. ಸಂಖ್ಯೆಯನ್ನು ಸಾಮರ್ಥ್ಯದ ಶೇ 137.5ಕ್ಕೆ ಇಳಿಸಿ ಎಂಬ ಆದೇಶವನ್ನು 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ಅಕ್ಟೋಬರ್‌ನಿಂದ ರಿಅಲೈನ್‌ಮೆಂಟ್ ಬಂತು. ಗಂಭೀರವಲ್ಲದ ಕೇಸಿನವರು, ಪರೋಲ್ (ಬಿಡುಗಡೆಯಾದ ಮೇಲಿನ ನಿಗಾ) ನಿಯಮ ಮುರಿದವರು ರಾಜ್ಯದ ಜೈಲಿನ ಬದಲು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಪಾಲಾದರು. ಒಂದೇ ವರ್ಷದಲ್ಲಿ ರಾಜ್ಯದ ಜೈಲುಗಳಲ್ಲಿ ಸುಮಾರು 27,000 ಕೈದಿಗಳು ಕಡಿಮೆಯಾದರು.

ಇದರ ಮೇಲೆ ತುಂಬಾ ಕೆಲಸ ಮಾಡಿರುವುದು ಪಬ್ಲಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಆಫ್ ಕ್ಯಾಲಿಫೋರ್ನಿಯಾ. ರಿಅಲೈನ್‌ಮೆಂಟ್‌ನಿಂದ ಹೊಡೆದಾಟ, ಕೊಲೆ ಏರಲಿಲ್ಲ, ಕಾರು ಕಳ್ಳತನ ಏರಿತು ಎನ್ನುತ್ತಾರೆ ಅವರು. ಆದರೆ ಇದು ಊರಿನ ಒಟ್ಟು ಲೆಕ್ಕ, ನೀವು ಕೇಳಿದ್ದು ಬೇರೆ. ಒಳಗಿರುವವನು ಅಷ್ಟು ದಿನ ನಿಮ್ಮ ಕಾರು ಮುಟ್ಟಲಾರ, ನಿಜ, ಹೊರಗೆ ಬಂದ ಮೇಲೆ ಏನು ಮಾಡುತ್ತಾನೆ ಅನ್ನೋದಕ್ಕೆ 2014ರ ಪ್ರೊಪೊಸಿಷನ್ 47 ನೋಡಿ. ಸಣ್ಣ ಕಳ್ಳತನ, ಸ್ವಂತಕ್ಕೆ ಡ್ರಗ್ಸ್ ಇಟ್ಟುಕೊಂಡಿದ್ದು, ಇಂಥವಕ್ಕೆ ಶಿಕ್ಷೆ ಕಡಿಮೆ ಮಾಡಲು ಜನರೇ ವೋಟು ಹಾಕಿ ತಂದ ಕಾನೂನು ಅದು. ಆ ಕೇಸಿನವರಲ್ಲಿ ಎರಡು ವರ್ಷದೊಳಗೆ ಮತ್ತೆ ಶಿಕ್ಷೆ ಆದವರ ಪ್ರಮಾಣ ಸುಮಾರು ಶೇ 49ರಿಂದ 46ಕ್ಕೆ ಇಳಿಯಿತು.

ತುಮಕೂರು_ಶಶಿ:
ರಘು, ಆ ಮೂರು ಅಂಕ ನೋಡಿ ಖುಷಿಪಡಬೇಡಿ. ಕೇಸು ಚಿಕ್ಕದು ಎಂದಾದ ಮೇಲೆ ಪೊಲೀಸರೂ ಮೊದಲಿನಷ್ಟು ಹಿಡಿಯುವುದಿಲ್ಲ. ಹಿಡಿಯದಿದ್ದರೆ ಲೆಕ್ಕದಲ್ಲಿ ಅವನು ಒಳ್ಳೆಯವನೇ ಅಲ್ವಾ? ರಿಅಲೈನ್‌ಮೆಂಟ್ ಆದಾಗಲೂ ಇದೇ ಕತೆ. ರಾಜ್ಯದ ಜೈಲಿಗೆ ವಾಪಸ್ ಹೋದವರ ಸಂಖ್ಯೆ ಧಡಕ್ಕನೆ ಬಿತ್ತು, ಯಾಕೆಂದರೆ ಪರೋಲ್ ತಪ್ಪಿಗೆ ಅಲ್ಲಿಗೆ ಕಳಿಸುವುದನ್ನೇ ನಿಲ್ಲಿಸಿದ್ದರು. ಮತ್ತೆ ಶಿಕ್ಷೆ ಆದವರನ್ನು ಎಣಿಸಿದರೆ ಮೂರು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇದ್ದೇ ಇದ್ದರು.

ಉಲ್ಟಾ ಮೋಸವೂ ಇದೆ. ಸಣ್ಣ ಕೇಸಿನವರನ್ನೆಲ್ಲಾ ಹೊರಗೆ ಕಳಿಸಿದರೆ ಒಳಗೆ ಉಳಿಯುವವರು ಗಟ್ಟಿ ಕುಳಗಳು. ಮುಂದೆ ಅವರು ಬಿಡುಗಡೆಯಾದಾಗ ಮತ್ತೆ ಅಪರಾಧ ಮಾಡುವವರ ಪ್ರಮಾಣ ತಾನಾಗೇ ಏರಿದ ಹಾಗೆ ಕಾಣುತ್ತದೆ, ಒಬ್ಬನೂ ಕೆಡದಿದ್ದರೂ.

ಮೀನಾಕ್ಷಿ_ಎಂ:
ನಾನು ಬಿಡುಗಡೆಯಾದವರಿಗೆ ಗುರುತಿನ ಚೀಟಿ ಮಾಡಿಸಿಕೊಡುವ ಕಡೆ ವಾರಕ್ಕೊಂದು ದಿನ ಹೋಗುತ್ತೇನೆ. ಒಬ್ಬ ಹುಡುಗನನ್ನು ರಾತ್ರಿ ಒಂದು ಗಂಟೆಗೆ ಬಿಟ್ಟರಂತೆ. ಬಸ್ಸಿಲ್ಲ, ಫೋನಿನಲ್ಲಿ ಚಾರ್ಜಿಲ್ಲ, ಗೊತ್ತಿದ್ದ ಮನೆ ಒಂದೇ, ಹಳೆಯ ಡ್ರಗ್ಸ್ ಗೆಳೆಯನದು. ಅವನು ಅಲ್ಲಿಗೇ ಹೋದ. ಬೇರೆ ಎಲ್ಲಿಗೆ ಹೋಗಬೇಕಿತ್ತು ಹೇಳಿ?

ಶಶಿ ಹೇಳಿದ್ದು ಸರಿ, ಆದರೆ ರಘು ಹೇಳಿದ ಅದೇ ಸಂಸ್ಥೆ ಕೌಂಟಿಗಳನ್ನೂ ಹೋಲಿಸಿ ನೋಡಿದೆ. ಮನೆ, ಕೆಲಸ, ಚಿಕಿತ್ಸೆ ಕಡೆ ಗಮನ ಕೊಟ್ಟ ಕೌಂಟಿಗಳಲ್ಲಿ, ಬರೀ ಪೊಲೀಸು ಕಾವಲಿಗೆ ಒತ್ತು ಕೊಟ್ಟ ಕೌಂಟಿಗಳಿಗಿಂತ, ಮತ್ತೆ ಸಿಕ್ಕಿಬಿದ್ದವರು ಕಡಿಮೆ. ಪ್ರೊಪೊಸಿಷನ್ 47ರಿಂದ ಉಳಿದ ದುಡ್ಡಿನಲ್ಲಿ ಶೇ 65 ಚಿಕಿತ್ಸೆ ಮತ್ತು ಇಂಥ ನೆರವಿಗೇ ಹೋಗಬೇಕು ಅಂತ ಕಾನೂನಿನಲ್ಲೇ ಇತ್ತು. 2024ರಲ್ಲಿ ಜನ ಪ್ರೊಪೊಸಿಷನ್ 36ಕ್ಕೆ ವೋಟು ಹಾಕಿ ಶಿಕ್ಷೆ ಮತ್ತೆ ಬಿಗಿ ಮಾಡಿದರು, ಸಂಕಟವಾಗುವುದು ಅದಕ್ಕೇ. ಜೈಲಲ್ಲಿ ಜನ ಹೆಚ್ಚಾದರೆ ಉಳಿತಾಯ ಇಳಿಯುತ್ತದೆ, ಆ ಹುಡುಗನಂಥವರಿಗೆ ಸಿಗುವ ದುಡ್ಡೂ ಇಳಿಯುತ್ತದೆ.

ಸನ್ನಿವೇಲ್_ಸವಿತಾ:
ಎಲ್ಲರಿಗೂ ಥ್ಯಾಂಕ್ಸ್. ಮೀನಾಕ್ಷಿ ಅವರೇ, ಆ ಹುಡುಗ ಈಗ ಎಲ್ಲಿದ್ದಾನೆ?

ಮೀನಾಕ್ಷಿ_ಎಂ:
ಎರಡನೇ ಸಲ ಹೊರಗೆ ಬಂದಿದ್ದಾನೆ. ಈ ಸಲ ಹಗಲು ಹೊತ್ತಿನಲ್ಲಿ ಬಿಟ್ಟರು, ಅವನ ಅಕ್ಕ ಗೇಟಿನ ಹತ್ತಿರ ಕಾಯುತ್ತಿದ್ದಳು.